ಮೊಬೈಲ್ ವೈರ್‌ಲೆಸ್ ಸೆಟ್‌ನ ಟ್ರಾನ್ಸ್‌ಮಿಟ್ ಪವರ್ ಬಿದ್ದರೆ: ಬ್ಯಾಟರಿಯಿಂದ ಆಂಟೆನಾವರೆಗೆ ಹಂತಹಂತದ ತಪಾಸಣೆ

ಗಾಡಿಯಲ್ಲಿ ಕೂರಿಸಿದ ವೈರ್‌ಲೆಸ್ ಸೆಟ್ ರಿಪೇರಿಗೆ ಬಂದಾಗ ಜೊತೆಗೆ ಬರುವ ದೂರು ಹೆಚ್ಚಾಗಿ ಒಂದೇ ಮಾತಿನದು: “ಮೊದಲಿನಷ್ಟು ದೂರ ಹೋಗ್ತಿಲ್ಲ.” ಇಷ್ಟು ಕೇಳಿ ಕವರ್ ಬಿಚ್ಚಿ, ಫೈನಲ್ ಟ್ರಾನ್ಸಿಸ್ಟರ್ (ಸಿಗ್ನಲ್‌ಗೆ ಕೊನೆಯ ಸಲ ಬಲ ತುಂಬಿ ಆಂಟೆನಾ ಕಡೆಗೆ ಕಳಿಸುವ ಭಾಗ) ಬದಲಿಸಲು ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಪವರ್ ಕಡಿಮೆಯಾಗುವ ಕಾರಣಗಳಲ್ಲಿ ಬಹುಪಾಲು ಸೆಟ್‌ನ ಹೊರಗೇ ಇರುತ್ತವೆ: ಸಣ್ಣ ವೈರ್, ಕಿಲುಬು ಹಿಡಿದ ಫ್ಯೂಸ್ ಹೋಲ್ಡರ್, ನೀರು ಕುಡಿದ ಕೇಬಲ್, ಸಡಿಲ ಕನೆಕ್ಟರ್. ಒಳಗೇ ತೊಂದರೆ ಇದ್ದಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಭಾಗ ಸುಟ್ಟಿದೆ’ ಎಂಬುದಲ್ಲ. ಸೆಟ್‌ಗೆ ಪವರ್ ತಯಾರಿಸಲು ಆಗುತ್ತಿಲ್ಲವೋ, ತಯಾರಾದದ್ದು ದಾರಿಯಲ್ಲಿ ಪೋಲಾಗುತ್ತಿದೆಯೋ, ಅಥವಾ ಸೆಟ್ ತಾನಾಗಿಯೇ ಕೈ ಹಿಡಿದು ಕಡಿಮೆ ಕೊಡುತ್ತಿದೆಯೋ? ಈ ಮೂರರಲ್ಲಿ ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 136ರಿಂದ 174 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ, 12 ವೋಲ್ಟ್‌ನಲ್ಲಿ ನಡೆಯುವ, 25ರಿಂದ 50 ವ್ಯಾಟ್‌ನ ವಿಎಚ್‌ಎಫ್ ಎಫ್‌ಎಂ ಸೆಟ್. ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) 144–146 ಮೆಗಾಹರ್ಟ್ಸ್ ಸೆಟ್‌ಗೂ ಟ್ಯಾಕ್ಸಿ, ಸೆಕ್ಯೂರಿಟಿ, ಆಂಬ್ಯುಲೆನ್ಸ್‌ಗಳ ಸೆಟ್‌ಗೂ ಇದೇ ಕ್ರಮ. ಯುಎಚ್‌ಎಫ್‌ಗೂ ಇದೇ ದಾರಿ. ಅಲ್ಲಿ ಕೇಬಲ್ ನಷ್ಟ ಮಾತ್ರ ಇನ್ನೂ ಹೆಚ್ಚು.

ಮೊದಲು ದೂರನ್ನು ಬಿಡಿಸಿಕೊಳ್ಳಿ

‘ದೂರ ಹೋಗ್ತಿಲ್ಲ’ ಎಂಬುದಕ್ಕೆ ಹಲವು ಅರ್ಥ. ಆ ಕಡೆಯವರಿಗೆ ಮಾತಿನ ಜೊತೆ ‘ಶ್ಶ್’ ಎಂಬ ಸದ್ದು ಬೆರೆತು ಕೇಳುತ್ತಿದ್ದರೆ ಸಿಗ್ನಲ್ ದುರ್ಬಲ. ಅದು ಪವರ್ ಅಥವಾ ಆಂಟೆನಾ ಕಡೆಯ ವಿಷಯ. ಸದ್ದೇ ಇಲ್ಲದೆ ಮಾತು ಮಾತ್ರ ಸಣ್ಣಗೆ ಕೇಳುತ್ತಿದ್ದರೆ ಪವರ್ ಸರಿಯಿದೆ, ಮೈಕ್ ಅಥವಾ ಡೀವಿಯೇಷನ್ (ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ಸರಿಯುವ ಪ್ರಮಾಣ) ನೋಡಬೇಕು. ರಿಪೀಟರ್ (ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಏಳುತ್ತಲೇ ಇಲ್ಲ, ಆದರೆ ನೇರ ಚಾನೆಲ್‌ನಲ್ಲಿ ಮಾತು ಸ್ಪಷ್ಟ ಎಂದರೆ ಅದನ್ನು ಎಬ್ಬಿಸುವ ಟೋನ್ ಅಥವಾ ಆಫ್‌ಸೆಟ್ (ಕಳಿಸುವ, ಕೇಳುವ ಫ್ರೀಕ್ವೆನ್ಸಿಗಳ ಅಂತರ) ತಪ್ಪಿದೆ. ಇವರು ಕರೆಯುವುದು ಅವರಿಗೆ ಚೆನ್ನಾಗಿ ಕೇಳುತ್ತದೆ, ಅವರದ್ದೇ ಇವರಿಗೆ ಕೇಳುವುದಿಲ್ಲ ಎಂದರೆ ಅದು ರಿಸೀವರ್ ದೂರು.

ಇನ್ನೊಂದು ಲೆಕ್ಕವೂ ತಲೆಯಲ್ಲಿರಲಿ. 50 ವ್ಯಾಟ್ 25ಕ್ಕೆ ಇಳಿದರೆ ನಷ್ಟ 3 ಡಿಬಿ (ಡೆಸಿಬಲ್; ಪವರ್ ಅರ್ಧವಾದಾಗಲೆಲ್ಲ 3). ಸಿಗ್ನಲ್ ಮೀಟರ್‌ನ ಒಂದು ಎಸ್-ಯೂನಿಟ್ ಎಂದರೆ 6 ಡಿಬಿ, ಅಂದರೆ ಆ ಕಡೆಯ ಮೀಟರ್‌ನಲ್ಲಿ ಬೀಳುವುದು ಅರ್ಧ ಎಸ್-ಯೂನಿಟ್ ಮಾತ್ರ. 50 ಬದಲು 42 ವ್ಯಾಟ್ ಬಂದರೆ ಅದು 1 ಡಿಬಿಯೂ ಅಲ್ಲ. ಯಾರ ಕಿವಿಗೂ ಗೊತ್ತಾಗುವುದಿಲ್ಲ. ಅಂಥ ಸೆಟ್ ಹಿಡಿದು ಸಂಜೆಯವರೆಗೆ ಕೂರಬೇಡಿ. ಇಡೀ ಪ್ರದೇಶದಲ್ಲಿ ಸಂಪರ್ಕವೇ ಕೆಟ್ಟಿದೆ ಎನ್ನುವಷ್ಟು ಗಂಭೀರ ದೂರಾದರೆ ಪವರ್ 5–10 ವ್ಯಾಟ್‌ಗೆ ಇಳಿದಿರಬೇಕು, ಇಲ್ಲವೇ ಆಂಟೆನಾ ಕಡೆಯೇ ಕೆಟ್ಟಿರಬೇಕು.

ಬೇಕಾಗುವ ಉಪಕರಣ

ವಿಎಚ್‌ಎಫ್‌ಗೆ ತಕ್ಕ ವ್ಯಾಟ್ ಮೀಟರ್, 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್; ಕನಿಷ್ಠ 50 ವ್ಯಾಟ್, 100 ಇದ್ದರೆ ನೆಮ್ಮದಿ), ಡಿಜಿಟಲ್ ಮಲ್ಟಿಮೀಟರ್, ಡಿಸಿ ಅಳೆಯುವ ಕ್ಲಾಂಪ್ ಮೀಟರ್, 13.8 ವೋಲ್ಟ್‌ಗೆ ಕನಿಷ್ಠ 20 ಆಂಪಿಯರ್ ಕೊಡುವ ಬೆಂಚ್ ಸಪ್ಲೈ, ಅರ್ಧ ಮೀಟರ್ ಉದ್ದದ ಒಂದೆರಡು ಒಳ್ಳೆಯ ಜಂಪರ್ ಕೇಬಲ್. ಸೆಟ್ ಒಳಗೆ ಹೋಗುವುದಾದರೆ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಮತ್ತು ಡಯೋಡ್ ಹಾಕಿದ ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಪ್ರೋಬ್.

ಮೀಟರ್ ಬಗ್ಗೆ ಎರಡು ಎಚ್ಚರಿಕೆ. 27 ಮೆಗಾಹರ್ಟ್ಸ್ ಸಿಬಿ ಸೆಟ್‌ಗೆ ಅಥವಾ ಎಚ್‌ಎಫ್‌ಗೆ ಮಾಡಿದ ಅಗ್ಗದ ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯಿಂದ ಪವರ್ ಎಷ್ಟು ಹಿಂದಿರುಗುತ್ತಿದೆ ಎಂದು ತಿಳಿಸುವ ಅನುಪಾತ; 1 ಎಂದರೆ ಏನೂ ಹಿಂದಿರುಗುತ್ತಿಲ್ಲ) ಮೀಟರ್ 150 ಮೆಗಾಹರ್ಟ್ಸ್‌ನಲ್ಲಿ ಮುಳ್ಳು ಆಡಿಸುತ್ತದೆ, ಆದರೆ ತೋರಿಸುವುದು ಸುಳ್ಳು. ಎರಡನೆಯದು, ಬರ್ಡ್ 43ರಂಥ ಒಳ್ಳೆಯ ಮೀಟರ್‌ನ ನಿಖರತೆ ಕೂಡ ಪೂರ್ಣ ಸ್ಕೇಲ್‌ನ ಶೇ 5. 100 ವ್ಯಾಟ್‌ನ ಎಲಿಮೆಂಟ್ (ಅಳತೆಯ ವ್ಯಾಪ್ತಿ ನಿಗದಿ ಮಾಡುವ, ಮೀಟರ್‌ಗೆ ಸಿಕ್ಕಿಸುವ ತುಂಡು) ಹಾಕಿ 10 ವ್ಯಾಟ್ ಓದಿದರೆ ಅದು 5 ಇರಬಹುದು, 15 ಇರಬಹುದು. 50 ವ್ಯಾಟ್ ಸೆಟ್‌ಗೆ 100ರಿಂದ 250 ಮೆಗಾಹರ್ಟ್ಸ್‌ನ 50ಸಿ ಎಲಿಮೆಂಟ್ ಸರಿ. ಮೀಟರ್ ಮೇಲೆ ನಂಬಿಕೆಯಿಲ್ಲದಿದ್ದರೆ ಚೆನ್ನಾಗಿ ನಡೆಯುತ್ತಿರುವ ಅದೇ ಮಾಡೆಲ್‌ನ ಇನ್ನೊಂದು ಸೆಟ್ ಅನ್ನು ಅದೇ ಜಂಪರ್, ಅದೇ ಲೋಡ್‌ಗೆ ಹಾಕಿ ಹೋಲಿಸಿ. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್‌ಗಿಂತ ಈ ಹೋಲಿಕೆ ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ.

ಡಮ್ಮಿ ಲೋಡ್ ಅನ್ನೂ ಒಮ್ಮೆ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 49–51 ಓಮ್ ಬರಬೇಕು. ಯಾರೋ ಒಮ್ಮೆ 100 ವ್ಯಾಟ್ ಹಾಕಿ ಕಾಯಿಸಿದ ಲೋಡ್ 70 ಓಮ್ ತೋರಿಸಿದರೆ ಮುಂದಿನ ಅಳತೆಗಳೆಲ್ಲ ವ್ಯರ್ಥ.

ಸುರಕ್ಷತೆಯ ವಿಷಯ: ಆಂಟೆನಾ ಅಥವಾ ಲೋಡ್ ಇಲ್ಲದೆ ಪಿಟಿಟಿ (ಮಾತಾಡಲು ಒತ್ತುವ ಮೈಕ್‌ನ ಬಟನ್) ಒತ್ತಬೇಡಿ. ಪರೀಕ್ಷೆಯ ಟ್ರಾನ್ಸ್‌ಮಿಷನ್ ಲೋಡ್ ಮೇಲೆಯೇ ನಡೆಯಲಿ, ಬ್ಯಾಂಡ್ ಮೇಲೆ ಅಲ್ಲ. 20–30 ಸೆಕೆಂಡ್ ಒತ್ತಿ, ಒಂದೆರಡು ನಿಮಿಷ ಆರಲು ಬಿಡಿ. ಹಳೆಯ ಆರ್‌ಎಫ್ ಪವರ್ ಟ್ರಾನ್ಸಿಸ್ಟರ್‌ಗಳ ಮತ್ತು ಕೆಲವು ಡಮ್ಮಿ ಲೋಡ್ ರೆಸಿಸ್ಟರ್‌ಗಳ ಬಿಳಿ ಸೆರಾಮಿಕ್‌ನಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒಡೆಯುವುದು, ಉಜ್ಜುವುದು ಬೇಡವೇ ಬೇಡ.

ಹಂತ 1: ಸೆಟ್ಟಿಂಗ್

ನಗು ಬರಬಹುದು, ಆದರೆ ಮೊದಲು ನೋಡಬೇಕಾದ್ದು ಇದೇ. ಕಂಪ್ಯೂಟರ್‌ನಿಂದ ಪ್ರೋಗ್ರಾಂ ಮಾಡುವ ಸೆಟ್‌ಗಳಲ್ಲಿ ಹೈ, ಲೋ ಪವರ್ ಚಾನೆಲ್‌ಗೆ ಒಂದೊಂದರಂತೆ ಇರುತ್ತದೆ. ಚಾನೆಲ್ 1ರಲ್ಲಿ 45 ವ್ಯಾಟ್, ಚಾನೆಲ್ 4ರಲ್ಲಿ 10 ವ್ಯಾಟ್ ಬಂದರೆ ಹಾರ್ಡ್‌ವೇರ್ ಮುಟ್ಟುವ ಅಗತ್ಯವಿಲ್ಲ. ಮುಂಭಾಗದ ಲೋ ಪವರ್ ಬಟನ್ ಚಾಲಕರ ಕೈ ತಗುಲಿ ಒತ್ತಿಹೋಗಿರುವುದೂ ಉಂಟು. ಲೈಸೆನ್ಸ್‌ನಲ್ಲಿ ಅನುಮತಿಸಿದ ಪವರ್ ಎಷ್ಟೆಂದೂ ನೋಡಿಕೊಳ್ಳಿ; ಬೇಕೆಂದೇ ಕಡಿಮೆಗೆ ಕಟ್ಟಿರಬಹುದು.

ಹಂತ 2: ಸೆಟ್ ಅನ್ನು ಗಾಡಿಯಿಂದ ಬೇರ್ಪಡಿಸಿ ಅಳೆಯಿರಿ

ಬೆಂಚ್ ಸಪ್ಲೈ 13.8 ವೋಲ್ಟ್. ಸೆಟ್‌ನಿಂದ ಜಂಪರ್, ಜಂಪರ್‌ನಿಂದ ಮೀಟರ್, ಮೀಟರ್‌ನಿಂದ ಲೋಡ್. ನಡುವೆ ಅಡಾಪ್ಟರ್ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೂರು ಫ್ರೀಕ್ವೆನ್ಸಿಯಲ್ಲಿ (ಬ್ಯಾಂಡ್‌ನ ಕೆಳತುದಿ, ನಡು, ಮೇಲ್ತುದಿ) ಪವರ್ ಮತ್ತು ಕರೆಂಟ್ ಎರಡನ್ನೂ ಬರೆದುಕೊಳ್ಳಿ. ಪವರ್ ಮಾತ್ರ ಬರೆದು ಕರೆಂಟ್ ಬಿಟ್ಟರೆ ಮುಂದೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. 50 ವ್ಯಾಟ್‌ನ ಸೆಟ್ ಸಾಮಾನ್ಯವಾಗಿ 10–12 ಆಂಪಿಯರ್ ಎಳೆಯುತ್ತದೆ, 25 ವ್ಯಾಟ್‌ನದು 6–7 ಆಂಪಿಯರ್.

ಇಲ್ಲಿ ಪೂರ್ತಿ ಪವರ್ ಬಂದರೆ ಸೆಟ್ ನಿರಪರಾಧಿ. ಗಾಡಿಗೆ ಹೋಗಿ, 3 ಮತ್ತು 4ನೇ ಹಂತ ಮಾಡಿ. ಇಲ್ಲಿಯೇ ಕಡಿಮೆ ಬಂದರೆ 5ನೇ ಹಂತಕ್ಕೆ ಹಾರಿ.

ಒಂದು ಸೂಕ್ಷ್ಮ ಇದೆ. ಹಳೆಯ ಕಂಪ್ಯೂಟರ್ ಎಸ್‌ಎಂಪಿಎಸ್ ಅನ್ನು ಸಪ್ಲೈ ಮಾಡಿಕೊಂಡವರು ಅನೇಕರಿದ್ದಾರೆ. ಅದು ಕೊಡುವುದು 12 ವೋಲ್ಟ್, ಲೋಡ್ ಬಿದ್ದಾಗ ಇನ್ನೂ ಕಡಿಮೆ. ಅದರ ಮೇಲೆ 13.8 ವೋಲ್ಟ್‌ಗೆ ಹೇಳಿದ ಪವರ್ ಬರಲಿಲ್ಲ ಎಂದು ಸೆಟ್ ಅನ್ನು ದೂರಬಾರದು.

ಹಂತ 3: ಗಾಡಿಯ ಸಪ್ಲೈ

ಇಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಇಂಜಿನ್ ನಡೆಯುವಾಗ 13.8ರಿಂದ 14.4. ಸೆಟ್ ಬಳಿ ಎಷ್ಟು ಸಿಗುತ್ತಿದೆ ಎಂಬುದನ್ನು ಪಿಟಿಟಿ ಒತ್ತಿ ಹಿಡಿದೇ ಅಳೆಯಬೇಕು. ಸುಮ್ಮನಿದ್ದಾಗ ಸೆಟ್ ಎಳೆಯುವುದು ಅರ್ಧ ಆಂಪಿಯರ್‌ನಷ್ಟು, ಆಗ ಎಂಥ ಕೊಳೆತ ವೈರ್ ಆದರೂ 13.8 ತೋರಿಸುತ್ತದೆ. ಫೈನಲ್ ಹಂತ ತುದಿಮುಟ್ಟಿ ನಡೆಯುವಾಗ ಪವರ್ ಸುಮಾರಾಗಿ ವೋಲ್ಟೇಜ್‌ನ ವರ್ಗಕ್ಕೆ ಅನುಗುಣ: 13.8ರಲ್ಲಿ 50 ವ್ಯಾಟ್ ಕೊಡುವುದು 11.5ರಲ್ಲಿ 35ಕ್ಕೆ ಬರುತ್ತದೆ.

ವೈರ್ ದಪ್ಪದ ಲೆಕ್ಕ ನೋಡಿ. ಬ್ಯಾಟರಿಯಿಂದ ಸೆಟ್‌ಗೆ 3 ಮೀಟರ್, ಹೋಗಿ ಬರಲು 6 ಮೀಟರ್ ತಾಮ್ರ, ಕರೆಂಟ್ 12 ಆಂಪಿಯರ್ ಎಂದುಕೊಳ್ಳಿ. 1 ಚದರ ಮಿಮೀ ವೈರ್‌ನಲ್ಲಿ 1.3 ವೋಲ್ಟ್ ಬೀಳುತ್ತದೆ. 2.5 ಚದರ ಮಿಮೀಯಲ್ಲಿ ಅರ್ಧ ವೋಲ್ಟ್. 4 ಚದರ ಮಿಮೀಯಲ್ಲಿ 0.33 ವೋಲ್ಟ್. ಸ್ಟೀರಿಯೊ ವೈರ್‌ಗೆ ಅಥವಾ ಸಿಗರೇಟ್ ಲೈಟರ್ ಸಾಕೆಟ್‌ಗೆ 50 ವ್ಯಾಟ್ ಸೆಟ್ ಸೇರಿಸಿದ್ದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ. 4 ಚದರ ಮಿಮೀ ವೈರ್ ಅನ್ನು ನೇರ ಬ್ಯಾಟರಿಯಿಂದ ಎಳೆದು, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ.

ವೈರ್ ದಪ್ಪವಾಗಿದ್ದೂ ವೋಲ್ಟೇಜ್ ಬೀಳುತ್ತಿದ್ದರೆ ತುಂಡು ತುಂಡಾಗಿ ಅಳೆಯಿರಿ. ಮಲ್ಟಿಮೀಟರ್ ಅನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಫ್ಯೂಸ್‌ನ ಆಚೆಗೆ ಹಿಡಿದು, ಪಿಟಿಟಿ ಒತ್ತಿಸಿ. 15 ಆಂಪಿಯರ್‌ನ ಬ್ಲೇಡ್ ಫ್ಯೂಸ್ ಮೇಲೆ 10 ಆಂಪಿಯರ್ ಹರಿದಾಗ 50–60 ಮಿಲಿವೋಲ್ಟ್ ಬೀಳುವುದು ಸಹಜ. ಹೋಲ್ಡರ್ ಸೇರಿ 100 ದಾಟಿದರೆ ಅನುಮಾನ, 300 ಬಂದರೆ ಹೋಲ್ಡರ್ ಕಿತ್ತೆಸೆಯಿರಿ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಬಿಸಿಯಿರುವ ಹೋಲ್ಡರ್ ಅಳತೆಗೂ ಮುಂಚೆಯೇ ತನ್ನ ಕಥೆ ಹೇಳಿರುತ್ತದೆ. ಮೈನಸ್ ಕಡೆಗೂ ಇದನ್ನೇ ಮಾಡಿ: ಬ್ಯಾಟರಿ ಮೈನಸ್‌ನಿಂದ ಸೆಟ್‌ನ ಮೈಗೆ 200 ಮಿಲಿವೋಲ್ಟ್ ಮೀರಬಾರದು. ಬಣ್ಣ ಹೆರೆಯದೆ ಬಾಡಿಗೆ ಬಿಗಿದ ಅರ್ತ್ ಬೋಲ್ಟ್ ಇಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಟರಿ ಮೈನಸ್ ತುದಿಯಲ್ಲಿ ಕರೆಂಟ್ ಸೆನ್ಸರ್ ಇರುವ ಹೊಸ ಕಾರುಗಳಲ್ಲಿ ಸೆಟ್‌ನ ಮೈನಸ್ ವೈರ್ ಸೆನ್ಸರ್‌ನ ಬಾಡಿ ಕಡೆಗೆ ಬರಬೇಕು, ನೇರ ಬ್ಯಾಟರಿ ಕಂಬಕ್ಕಲ್ಲ.

ಟ್ರಾನ್ಸ್‌ಮಿಟ್ ಮಾಡುವಾಗ ಡಿಜಿಟಲ್ ಮೀಟರ್‌ನ ಅಂಕಿ ಹುಚ್ಚಾಪಟ್ಟೆ ಕುಣಿದರೆ ಆರ್‌ಎಫ್ ಅದರೊಳಗೆ ನುಗ್ಗುತ್ತಿದೆ. ಮೀಟರ್‌ನ ಎರಡೂ ವೈರ್ ಹೊಸೆದು ಗಿಡ್ಡ ಮಾಡಿ, ಫೆರೈಟ್ ಕ್ಲಿಪ್ ಹಾಕಿ, ಅಥವಾ ಆಂಟೆನಾ ಬದಲು ಡಮ್ಮಿ ಲೋಡ್ ಮೇಲೆ ಅಳೆಯಿರಿ.

ಬಸ್ಸು, ಲಾರಿಗಳ ಕಥೆ ಬೇರೆ. ಅಲ್ಲಿ ಇರುವುದು 24 ವೋಲ್ಟ್. ಎರಡು ಬ್ಯಾಟರಿಗಳಲ್ಲಿ ಕೆಳಗಿನದ್ದರಿಂದ 12 ವೋಲ್ಟ್ ಕದಿಯುವ ಅಭ್ಯಾಸ ಇದೆ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಮೇಲಿನದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ, ಕೊನೆಗೆ ಎರಡೂ ಹಾಳು. ಕನ್ವರ್ಟರ್ ಹಾಕಿದ್ದರೂ ಅದು 10 ಆಂಪಿಯರ್‌ನದಾದರೆ 50 ವ್ಯಾಟ್ ಸೆಟ್‌ನ ಪಿಟಿಟಿ ಒತ್ತಿದ ಕೂಡಲೇ ಕುಸಿಯುತ್ತದೆ. ನಿರಂತರ 20 ಆಂಪಿಯರ್ ಕೊಡುವಂಥದು ಬೇಕು.

ಹಂತ 4: ಕೇಬಲ್ ಮತ್ತು ಆಂಟೆನಾ

ಸೆಟ್‌ಗಳಲ್ಲಿ ರಿಫ್ಲೆಕ್ಟೆಡ್ ಪವರ್ (ಆಂಟೆನಾ ಕಡೆಯಿಂದ ಹಿಂದಿರುಗುವ ಪವರ್) ಹೆಚ್ಚಾದರೆ ತಾನೇ ಔಟ್‌ಪುಟ್ ಇಳಿಸಿಕೊಳ್ಳುವ ರಕ್ಷಣೆ ಇರುತ್ತದೆ. ಎಸ್‌ಡಬ್ಲ್ಯುಆರ್ 1.5ರಲ್ಲಿ ಶೇ 4 ಪವರ್ ಹಿಂದಿರುಗುತ್ತದೆ, 2ರಲ್ಲಿ ಶೇ 11, 3ರಲ್ಲಿ ಶೇ 25. ಸಾಮಾನ್ಯವಾಗಿ 2 ದಾಟಿದ ಮೇಲೆ ಸೆಟ್ ಪವರ್ ಇಳಿಸಲು ಶುರುಮಾಡುತ್ತದೆ. ಹಾಗಾಗಿ ಡಮ್ಮಿ ಲೋಡ್ ಮೇಲೆ 48 ವ್ಯಾಟ್, ಆಂಟೆನಾ ಮೇಲೆ 15 ವ್ಯಾಟ್ ಬಂದರೆ ಕೆಟ್ಟಿರುವುದು ಆಂಟೆನಾ ಕಡೆ, ಸೆಟ್ ಮಾಡುತ್ತಿರುವುದು ಆತ್ಮರಕ್ಷಣೆ.

ಇದರ ಉಲ್ಟಾ ಹೆಚ್ಚು ಮೋಸದ್ದು: ಕೆಟ್ಟ ಕೇಬಲ್ ಎಸ್‌ಡಬ್ಲ್ಯುಆರ್ ಅನ್ನು ಚೆನ್ನಾಗಿ ತೋರಿಸುತ್ತದೆ. 3 ಡಿಬಿ ನಷ್ಟದ ಕೇಬಲ್‌ನ ಆ ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ ಸೆಟ್ ಕಡೆ ಎಸ್‌ಡಬ್ಲ್ಯುಆರ್ 3ಕ್ಕಿಂತ ಮೇಲೇರುವುದಿಲ್ಲ. ಹೋಗುವಾಗ ಅರ್ಧ ಕರಗಿ, ತಿರುಗಿ ಬರುವಾಗ ಉಳಿದದ್ದರಲ್ಲೂ ಅರ್ಧ ಕರಗಿದರೆ ಮೀಟರ್‌ಗೆ ಕಾಣುವುದು ಕಾಲು ಭಾಗ ಮಾತ್ರ. ಆದ್ದರಿಂದ ಎಸ್‌ಡಬ್ಲ್ಯುಆರ್ ಓದಿ ತೃಪ್ತರಾಗಬೇಡಿ. ಆಂಟೆನಾ ಬಿಚ್ಚಿ, ಕೇಬಲ್‌ನ ಆ ತುದಿಗೆ ಮೀಟರ್, ಲೋಡ್ ಸೇರಿಸಿ, ಅಲ್ಲಿ ಎಷ್ಟು ವ್ಯಾಟ್ ತಲುಪುತ್ತಿದೆ ನೋಡಿ. ಆರ್‌ಜಿ-58 ಕೇಬಲ್‌ನ ನಷ್ಟ 150 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 0.2 ಡಿಬಿ. 5 ಮೀಟರ್‌ಗೆ 1 ಡಿಬಿ, ಅಂದರೆ 50ರಲ್ಲಿ 40 ವ್ಯಾಟ್ ತಲುಪಬೇಕು. 25 ತಲುಪಿದರೆ ಕೇಬಲ್ ಬದಲಿಸಿ.

ನ್ಯಾನೊ-ವಿಎನ್‌ಎ (ಕೇಬಲ್, ಆಂಟೆನಾ ಅಳೆಯುವ ಉಪಕರಣ) ಇದ್ದವರಿಗೆ ಇದು ಇನ್ನೂ ಸುಲಭ. ಕೇಬಲ್‌ನ ದೂರದ ತುದಿ ತೆರೆದಿಟ್ಟು ರಿಟರ್ನ್ ಲಾಸ್ (ಹೋಗಿ ತಿರುಗಿ ಬರುವಷ್ಟರಲ್ಲಿ ಆದ ಡಿಬಿ ನಷ್ಟ) ಓದಿ. ಅದರ ಅರ್ಧವೇ ಒಂದು ದಾರಿಯ ನಷ್ಟ. ಆ ಪುಟ್ಟ ಉಪಕರಣದ ಸಾಕೆಟ್‌ಗೆ ತಪ್ಪಿಯೂ ಟ್ರಾನ್ಸ್‌ಮಿಟರ್ ಸೇರಿಸಬೇಡಿ, ಒಂದು ಪಿಟಿಟಿಗೆ ಅದರ ಆಯಸ್ಸು ಮುಗಿಯುತ್ತದೆ.

ಕೇಬಲ್ ಕೆಡುವ ಜಾಗಗಳು ಗೊತ್ತಿರುವಂಥವೇ: ಬಾಗಿಲ ಸಂದಿಯಲ್ಲಿ ಒತ್ತಿ ಚಪ್ಪಟೆಯಾದ ಕಡೆ, ಆಂಟೆನಾ ಬುಡ, ಕನೆಕ್ಟರ್‌ನ ಕುತ್ತಿಗೆ. ಕನೆಕ್ಟರ್ ಹಿಂದೆ ಎರಡು ಮೂರು ಸೆಂಟಿಮೀಟರ್ ಹೊರಕವಚ ಸೀಳಿ ಜಾಲರಿ ನೋಡಿ. ತಾಮ್ರ ಹೊಳೆಯಬೇಕು. ಕಪ್ಪಾಗಿದ್ದರೆ, ಹಸಿರು ಕಿಲುಬಿದ್ದರೆ ನೀರು ಒಳಗೆ ಇಳಿದಿದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಸಾಲದು, ಏಕೆಂದರೆ ಜಾಲರಿಯ ಎಳೆಗಳ ಸಂದಿನಲ್ಲೇ ನೀರು ದೂರದವರೆಗೆ ಹರಿದಿರುತ್ತದೆ. ಮಲೆನಾಡಿನ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಒಡ್ಡಿದ ಗಾಡಿಗಳಲ್ಲಿ ಆಂಟೆನಾ ಬುಡದ ಜೋಡಣೆಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಮೇಲೆ ಪಿವಿಸಿ ಟೇಪ್ ಸುತ್ತುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಿ.

ಮಲ್ಟಿಮೀಟರ್‌ನಲ್ಲಿ ಆಂಟೆನಾ ಪರೀಕ್ಷಿಸುವಾಗ ಒಂದು ಗೊಂದಲ ಬರುತ್ತದೆ. ಸಾದಾ ಕಾಲುತರಂಗದ ಕಡ್ಡಿಯಲ್ಲಿ ನಡುವಿನ ಪಿನ್ ಮತ್ತು ಜಾಲರಿ ನಡುವೆ ಓಪನ್ ತೋರಬೇಕು. ಆದರೆ ಬುಡದಲ್ಲಿ ಕಾಯಿಲ್ ಇರುವ 5/8 ತರಂಗದ ಎಷ್ಟೋ ಆಂಟೆನಾಗಳಲ್ಲಿ ಕಾಯಿಲ್ ಅರ್ತ್‌ಗೆ ಸೇರಿರುವುದರಿಂದ ಡಿಸಿಗೆ ಶಾರ್ಟ್ ತೋರುತ್ತದೆ. ಅದು ದೋಷವಲ್ಲ. ಕಡ್ಡಿಯ ಉದ್ದವನ್ನೂ ಅಳೆಯಿರಿ: ಕಾಲುತರಂಗದ ಉದ್ದ ಸೆಂಟಿಮೀಟರ್‌ನಲ್ಲಿ 7125 ಭಾಗಿಸು ಮೆಗಾಹರ್ಟ್ಸ್. 145ಕ್ಕೆ 49 ಸೆಂ.ಮೀ., 160ಕ್ಕೆ 44.5 ಸೆಂ.ಮೀ. ಮ್ಯಾಗ್ನೆಟ್ ಆಂಟೆನಾ ಫೈಬರ್ ಮೇಲ್ಛಾವಣಿಯ ಮೇಲೆ ಯಾವುದೋ ಕಬ್ಬಿಣದ ಪಟ್ಟಿಗೆ ಅಂಟಿಕೊಂಡು ಕೂತಿದ್ದರೆ ಅದಕ್ಕೆ ಬೇಕಾದ ಲೋಹದ ನೆಲವೇ ಇಲ್ಲ. ಪವರ್ ಇದ್ದರೂ ಸಿಗ್ನಲ್ ಹೋಗುವುದಿಲ್ಲ.

ಹಂತ 5: ಬೆಂಚ್ ಮೇಲೂ ಕಡಿಮೆಯಿದ್ದರೆ, ಕರೆಂಟ್ ಓದಿ

13.8 ವೋಲ್ಟ್, ಒಳ್ಳೆಯ ಲೋಡ್, ಹೈ ಪವರ್. ಆದರೂ 12 ವ್ಯಾಟ್ ಮಾತ್ರ. ಈಗ ಕರೆಂಟ್ ಏನು ಹೇಳುತ್ತದೆ?

ಪವರ್ ಕಡಿಮೆ, ಕರೆಂಟ್ 10–12 ಆಂಪಿಯರ್ ಅಥವಾ ಇನ್ನೂ ಹೆಚ್ಚು: ಫೈನಲ್ ದುಡಿಯುತ್ತಿದೆ, ದುಡಿದದ್ದು ಹೊರಗೆ ಬರುತ್ತಿಲ್ಲ. ಫೈನಲ್ ನಂತರದ ದಾರಿ ನೋಡಿ: ಪಿನ್ ಡಯೋಡ್ ಸ್ವಿಚ್ (ಆಂಟೆನಾವನ್ನು ಟ್ರಾನ್ಸ್‌ಮಿಟರ್, ರಿಸೀವರ್ ನಡುವೆ ಬದಲಿಸುವುದು), ಲೋ-ಪಾಸ್ ಫಿಲ್ಟರ್ (ಮೇಲಿನ ಬೇಡದ ಫ್ರೀಕ್ವೆನ್ಸಿ ತಡೆಯುವುದು), ಆಂಟೆನಾ ಸಾಕೆಟ್‌ನ ಬೆಸುಗೆ. ಅಲ್ಲೆಲ್ಲ ಸರಿಯಿದ್ದರೆ ಫೈನಲ್‌ನ ದಕ್ಷತೆಯೇ ಕುಸಿದಿದೆ.

ಪವರ್ ಕಡಿಮೆ, ಕರೆಂಟ್ 4–5 ಆಂಪಿಯರ್: ಫೈನಲ್‌ಗೆ ಡ್ರೈವ್ (ಹಿಂದಿನ ಹಂತದಿಂದ ಬರಬೇಕಾದ ಸಿಗ್ನಲ್) ಸಿಗುತ್ತಿಲ್ಲ, ಅಥವಾ ಸೆಟ್ ಬೇಕೆಂದೇ ತಡೆಹಿಡಿದಿದೆ. ಎರಡರಲ್ಲಿ ಯಾವುದೆಂದು ಮುಂದಿನ ಹಂತ ಹೇಳುತ್ತದೆ.

ಮೊದಲು 48 ವ್ಯಾಟ್, ಒಂದೆರಡು ನಿಮಿಷದಲ್ಲಿ 20ಕ್ಕೆ ಇಳಿಯುವುದು: ಉಷ್ಣ ರಕ್ಷಣೆ. ಹೀಟ್ ಸಿಂಕ್ ನಿಜಕ್ಕೂ ಸುಡುತ್ತಿದ್ದರೆ ಫ್ಯಾನ್, ಗಾಳಿ, ಒಣಗಿದ ಥರ್ಮಲ್ ಪೇಸ್ಟ್ ನೋಡಿ. ಹೀಟ್ ಸಿಂಕ್ ತಣ್ಣಗಿದ್ದೂ ಪವರ್ ಇಳಿದರೆ ಥರ್ಮಿಸ್ಟರ್ (ಶಾಖ ಅಳೆಯುವ ರೆಸಿಸ್ಟರ್) ತಪ್ಪು ಓದುತ್ತಿದೆ, ಅಥವಾ ಫೈನಲ್‌ನ ಶಾಖ ಹೀಟ್ ಸಿಂಕ್‌ಗೆ ತಲುಪುತ್ತಲೇ ಇಲ್ಲ. ಎರಡನೆಯದು ಅಪಾಯಕಾರಿ.

ಬ್ಯಾಂಡ್‌ನ ಒಂದು ತುದಿಯಲ್ಲಿ ಮಾತ್ರ ಕಡಿಮೆ: ಫಿಲ್ಟರ್‌ನ ಯಾವುದೋ ಕೆಪಾಸಿಟರ್ ಸೀಳಿದೆ, ಇಲ್ಲವೇ ಸೆಟ್ ಅದರ ಬ್ಯಾಂಡ್ ಹೊರಗೆ ಪ್ರೋಗ್ರಾಂ ಆಗಿದೆ. ಹಳೆಯ ಸೆಟ್‌ಗಳು ಇಡೀ 136–174 ಅಲ್ಲದೆ ಅದರ ಒಂದು ಪಾಲಿಗಷ್ಟೇ ತಯಾರಾಗುತ್ತಿದ್ದವು. ಲೇಬಲ್ ಓದಿ.

ಹಂತ 6: ಕವರ್ ಬಿಚ್ಚಿ, ಎಪಿಸಿ ವೋಲ್ಟೇಜ್ ಅಳೆಯಿರಿ

ದಾರಿ ಹೀಗೆ ಸಾಗುತ್ತದೆ: ವಿಸಿಒ (ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರ್), ಬಫರ್, ಪ್ರೀ-ಡ್ರೈವರ್, ಡ್ರೈವರ್, ಫೈನಲ್, ಆಂಟೆನಾ ಸ್ವಿಚ್, ಲೋ-ಪಾಸ್ ಫಿಲ್ಟರ್, ಸಾಕೆಟ್. ಕೊನೆಯ ಭಾಗದಲ್ಲೆಲ್ಲೋ ಒಂದು ಕಪ್ಲರ್ ಇದ್ದು ಮುಂದೆ ಹೋಗುವ, ಹಿಂದೆ ಬರುವ ಪವರ್‌ಗಳನ್ನು ಡಯೋಡ್‌ಗಳಿಂದ ಅಳೆಯುತ್ತದೆ. ಆ ಅಳತೆಯನ್ನು ಪ್ರೊಸೆಸರ್ ನಿಗದಿ ಮಾಡಿದ ಮಟ್ಟದ ಜೊತೆ ಆಪ್-ಆಂಪ್ ಹೋಲಿಸಿ, ಡ್ರೈವರ್ ಅಥವಾ ಫೈನಲ್‌ನ ಗೇಟ್ ವೋಲ್ಟೇಜ್ ಏರಿಳಿಸುತ್ತದೆ. ಈ ಸ್ವಯಂಚಾಲಿತ ಪವರ್ ನಿಯಂತ್ರಣವೇ ಎಪಿಸಿ. ಮ್ಯಾನ್ಯುಯಲ್ ನೋಡಿ ಅದರ ಟೆಸ್ಟ್ ಪಾಯಿಂಟ್ ಹಿಡಿಯಿರಿ.

ಪವರ್ ಕಡಿಮೆಯಿದ್ದಾಗ ಎಪಿಸಿ ವೋಲ್ಟೇಜ್ ತನ್ನ ಗರಿಷ್ಠಕ್ಕೆ ಏರಿ ನಿಂತಿದ್ದರೆ, ನಿಯಂತ್ರಣ ‘ಕೊಡು, ಇನ್ನೂ ಕೊಡು’ ಎನ್ನುತ್ತಿದೆ, ಆರ್‌ಎಫ್ ದಾರಿಗೆ ಆಗುತ್ತಿಲ್ಲ. ಡ್ರೈವ್, ಫೈನಲ್, ಅಥವಾ ಕಪ್ಲರ್‌ಗಿಂತ ಮುಂಚಿನ ನಷ್ಟ ಹುಡುಕಿ. ಎಪಿಸಿ ವೋಲ್ಟೇಜ್ ಕೆಳಗೇ ಇದ್ದರೆ ನಿಯಂತ್ರಣವೇ ತಡೆಯುತ್ತಿದೆ. ಆಗ ಫೈನಲ್ ಬದಲಿಸಿದರೆ ದುಡ್ಡು ದಂಡ, ಹೊಸ ಫೈನಲ್ ಕೂಡ ಅದೇ 12 ವ್ಯಾಟ್ ಕೊಡುತ್ತದೆ.

ತಡೆಯುತ್ತಿದ್ದರೆ ನೋಡಬೇಕಾದ್ದು ಮೂರು: ಪ್ರೊಸೆಸರ್‌ನಿಂದ ಬರುವ ಪವರ್ ಮಟ್ಟದ ವೋಲ್ಟೇಜ್, ಥರ್ಮಿಸ್ಟರ್, ರಿಫ್ಲೆಕ್ಟೆಡ್ ಡಿಟೆಕ್ಟರ್. ತಣ್ಣಗಿರುವ ಥರ್ಮಿಸ್ಟರ್‌ನ ಬೆಲೆಯನ್ನು ಮ್ಯಾನ್ಯುಯಲ್ ಜೊತೆ ಹೋಲಿಸಿ. ರಿಫ್ಲೆಕ್ಟೆಡ್ ಡಿಟೆಕ್ಟರ್ ಒಳ್ಳೆಯ ಲೋಡ್ ಇದ್ದಾಗ ಸೊನ್ನೆ ಆಸುಪಾಸು ಓದಬೇಕು. ಹೆಚ್ಚು ಓದುತ್ತಿದ್ದರೆ ಕಪ್ಲರ್‌ನ ಕೊನೆಯ ಟರ್ಮಿನೇಷನ್ ರೆಸಿಸ್ಟರ್ ಓಪನ್ ಆಗಿದೆಯೇ ನೋಡಿ. ಅದು ಹೋದರೆ ಕಪ್ಲರ್‌ಗೆ ದಿಕ್ಕಿನ ಜ್ಞಾನ ಹೋಗುತ್ತದೆ, ಮುಂದೆ ಹೋಗುವ ಪವರ್ ಅನ್ನೇ ಹಿಂದೆ ಬರುವುದೆಂದು ಭಾವಿಸಿ ಸೆಟ್ ಹೆದರಿ ಇಳಿಸುತ್ತದೆ. ರೆಸಿಸ್ಟರ್ ಸರಿಯಿದ್ದರೆ ಕಪ್ಲರ್ ನಂತರದ ಬೆಸುಗೆ, ಮುಖ್ಯವಾಗಿ ಸಾಕೆಟ್‌ನ ನಡುವಿನ ಪಿನ್. ಅಲ್ಲಿ ಬಿರುಕಿದ್ದರೆ ಬರುವ ಪ್ರತಿಫಲನ ಸುಳ್ಳಲ್ಲ, ನಿಜದ್ದೇ.

ಇನ್ನೊಂದು ತಪ್ಪು ತೀರ್ಮಾನ ಸಾಮಾನ್ಯ. ‘ಫಾರ್ವರ್ಡ್ ಡಿಟೆಕ್ಟರ್ ಡಯೋಡ್ ಸತ್ತಿದೆ, ಅದಕ್ಕೇ ಪವರ್ ಇಲ್ಲ’ ಎನ್ನುವವರಿದ್ದಾರೆ. ಲೆಕ್ಕ ಉಲ್ಟಾ. ಅದು ಕಡಿಮೆ ಓದಿದರೆ ಎಪಿಸಿ ಪವರ್ ಏರಿಸುತ್ತದೆ, ಇಳಿಸುವುದಿಲ್ಲ.

ಹಂತ 7: ಆರ್‌ಎಫ್ ದಾರಿ ಹಿಡಿದು ಹೋಗುವುದು

ಮೊದಲು ಕಣ್ಣು, ಆಮೇಲೆ ಮೀಟರ್. ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಫೈನಲ್‌ನ ಕಾಲುಗಳು, ಫಿಲ್ಟರ್ ಕಾಯಿಲ್‌ಗಳ ಬುಡ, ಸಾಕೆಟ್ ಪಿನ್ ನೋಡಿ. ವರ್ಷಗಟ್ಟಲೆ ಕಾದು ತಣಿದ ಬೆಸುಗೆ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಬೂದು ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಕಾಲನ್ನು ಒತ್ತಿದಾಗ ವ್ಯಾಟ್ ಮೀಟರ್ ಜಿಗಿದರೆ ಅಲ್ಲೇ ತಪ್ಪು. ಹಳೆಯ ಬೆಸುಗೆ ಪೂರ್ತಿ ಹೀರಿ ತೆಗೆದು ಹೊಸದು ಹಾಕಿ, ಮೇಲೆ ಮೇಲೆ ತೇಪೆ ಬೇಡ. ಫಿಲ್ಟರ್‌ನ ಚಿಪ್ ಕೆಪಾಸಿಟರ್‌ಗಳಲ್ಲಿ ಕಪ್ಪು ಚುಕ್ಕೆ, ಅಡ್ಡ ಬಿರುಕು ಹುಡುಕಿ. ಬದಲಿಸುವಾಗ ಅದೇ ಬೆಲೆಯ, ಆರ್‌ಎಫ್ ಪವರ್‌ಗೆಂದೇ ಮಾಡಿದ ಹೈ-ಕ್ಯೂ (ನಷ್ಟ ಕಡಿಮೆಯ) ಕೆಪಾಸಿಟರ್ ಹಾಕಿ; ಸಾಮಾನ್ಯ ಡಿಸ್ಕ್ ಸೆರಾಮಿಕ್ ನಿಮಿಷದೊಳಗೆ ಕಾಯುತ್ತದೆ.

ನಷ್ಟ ಎಲ್ಲಿದೆಯೋ ಅಲ್ಲಿ ಶಾಖ ಇರುತ್ತದೆ. 20 ಸೆಕೆಂಡ್ ಟ್ರಾನ್ಸ್‌ಮಿಟ್ ಮಾಡಿ, ನಿಲ್ಲಿಸಿ, ಸಪ್ಲೈ ತೆಗೆದು, ಪಿನ್ ಡಯೋಡ್ ಮತ್ತು ಫಿಲ್ಟರ್ ಭಾಗಗಳನ್ನು ಬೆರಳಿನಿಂದ ಅಥವಾ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನೋಡಿ. ಟ್ರಾನ್ಸ್‌ಮಿಟ್ ನಡೆಯುವಾಗ ಬೆರಳಿಟ್ಟರೆ ಆರ್‌ಎಫ್ ಸುಡುತ್ತದೆ, ಆ ಗಾಯ ಒಳಗಿನಿಂದ ಬೇಯುವಂಥದು, ಬೇಗ ಮಾಯುವುದಿಲ್ಲ. ಪಿನ್ ಡಯೋಡ್ ವಿಪರೀತ ಬಿಸಿಯಿದ್ದರೆ ಅದನ್ನು ಆನ್ ಇಡುವ ಬಯಾಸ್ ಕರೆಂಟ್ ಬರುತ್ತಿದೆಯೇ ನೋಡಿ: ಲೋ ಪವರ್‌ನಲ್ಲಿ ಪಿಟಿಟಿ ಒತ್ತಿದಾಗ ಡಯೋಡ್ ಮೇಲೆ ಡಿಸಿ 0.7–0.8 ವೋಲ್ಟ್ ಇರಬೇಕು. ಇಲ್ಲದಿದ್ದರೆ ಬಯಾಸ್ ರೆಸಿಸ್ಟರ್ ಅಥವಾ ಚೋಕ್ ಓಪನ್.

ಡ್ರೈವ್ ಅಳೆಯಲು ಒಂದು ನಿಜ ಉದಾಹರಣೆ: 25 ವ್ಯಾಟ್ ವರ್ಗಕ್ಕೆ ಹೊಂದುವ ಮಿತ್ಸುಬಿಷಿಯ ಆರ್‌ಎ30ಎಚ್1317ಎಂ ಮಾಡ್ಯೂಲ್ (ಫೈನಲ್ ಇಡಿಯಾಗಿ ಒಂದೇ ತುಂಡಿನಲ್ಲಿ). 12.5 ವೋಲ್ಟ್ ಡ್ರೈನ್, 5 ವೋಲ್ಟ್ ಗೇಟ್, 50 ಮಿಲಿವ್ಯಾಟ್ ಇನ್‌ಪುಟ್‌ಗೆ 30 ವ್ಯಾಟ್ ಕೊಡುತ್ತದೆ. ಕಾಲುಗಳು ಕ್ರಮವಾಗಿ ಇನ್‌ಪುಟ್, ಗೇಟ್, ಡ್ರೈನ್, ಔಟ್‌ಪುಟ್, ಮೈಯೇ ಅರ್ತ್. 50 ಓಮ್‌ನಲ್ಲಿ 50 ಮಿಲಿವ್ಯಾಟ್ ಎಂದರೆ 1.58 ವೋಲ್ಟ್ ಆರ್‌ಎಂಎಸ್, ಶಿಖರ 2.2 ವೋಲ್ಟ್. ಆರ್‌ಎಫ್ ಪ್ರೋಬ್ ಇದಕ್ಕಿಂತ ಸ್ವಲ್ಪ ಕಡಿಮೆ ತೋರಿಸಿದರೆ ಸಹಜ, ಅರ್ಧ ವೋಲ್ಟ್ ತೋರಿಸಿದರೆ ತೊಂದರೆ ಹಿಂದೆ, ಡ್ರೈವರ್‌ನಲ್ಲಿ. ಗೇಟ್‌ಗೆ 4 ವೋಲ್ಟ್ ಆಸುಪಾಸಿನಿಂದ ಪವರ್ ಏರತೊಡಗಿ 4.5–5ರಲ್ಲಿ ಪೂರ್ತಿ ಬರಬೇಕು. ಇನ್‌ಪುಟ್ ಇದೆ, ಗೇಟ್ 5 ಇದೆ, ಡ್ರೈನ್ 12.5ಕ್ಕೆ ಕಡಿಮೆಯಿಲ್ಲ, ನಂತರದ ದಾರಿ ಸ್ವಚ್ಛ, ಆದರೂ 8 ವ್ಯಾಟ್: ಈಗ ಮಾತ್ರ ಮಾಡ್ಯೂಲ್ ಸತ್ತಿದೆ ಎನ್ನಿ. ಆರ್‌ಡಿ70ಎಚ್‌ವಿಎಫ್1ನಂಥ ಬಿಡಿ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇರುವ ದೊಡ್ಡ ಸೆಟ್‌ಗಳಲ್ಲೂ ತರ್ಕ ಇದೇ, ಡ್ರೈವ್ ಮಾತ್ರ ಮಿಲಿವ್ಯಾಟ್ ಅಲ್ಲ, ವ್ಯಾಟ್‌ಗಳಲ್ಲಿ. ಡ್ರೈವ್ ಇಲ್ಲದಿದ್ದರೆ ಮೊದಲು ಟ್ರಾನ್ಸ್‌ಮಿಟ್ ವೇಳೆಗೆ ಬರುವ 8 ಅಥವಾ 9 ವೋಲ್ಟ್‌ನ ಲೈನ್ ನೋಡಿ; ಅದನ್ನು ಹಾಯಿಸುವ ಚಿಕ್ಕ ಟ್ರಾನ್ಸಿಸ್ಟರ್ ಸೋತರೆ ಹಿಂದಿನ ಹಂತಗಳೆಲ್ಲ ಒಟ್ಟಿಗೆ ಮಂಕಾಗುತ್ತವೆ.

ಹಂತ 8: ಫೈನಲ್ ಬದಲಿಸುವುದು

ಕೊಳ್ಳುವಾಗಲೇ ಎಚ್ಚರ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಕಾಲುಗಳ ಮೇಲೆ ಹಳೆಯ ಬೆಸುಗೆಯ ಗುರುತು, ತಳದಲ್ಲಿ ಗೀರು, ಹೊಸದಾಗಿ ಉಜ್ಜಿ ಬರೆದಂತಿರುವ ಅಕ್ಷರ ಕಂಡರೆ ಅದು ಕಿತ್ತ ಮಾಲು.

ಹೀಟ್ ಸಿಂಕ್‌ನ ಹಳೆಯ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಿ. ಮಿತ್ಸುಬಿಷಿ ಹೇಳುವ ಸಮತಟ್ಟು 50 ಮೈಕ್ರಾನ್‌ನೊಳಗೆ. ಅಡಿಯಲ್ಲಿ ಒಂದು ಮರಳುಕಣ, ಬೆಸುಗೆಯ ಗುಂಡು ಉಳಿದರೂ ಬಿಗಿಯುವಾಗ ಅಥವಾ ಆಮೇಲೆ ಕಾದಾಗ ಒಳಗಿನ ಸೆರಾಮಿಕ್ ಸೀಳುತ್ತದೆ. ಪೇಸ್ಟ್ ತೆಳುವಾಗಿ, ಎಲ್ಲ ಕಡೆ ಸಮವಾಗಿ ಸವರಿ. ಎರಡು ಎಂ3 ಸ್ಕ್ರೂಗಳನ್ನು ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ, ಕೊನೆಗೆ 0.4ರಿಂದ 0.6 ನ್ಯೂಟನ್-ಮೀಟರ್ ಸಾಕು. ಸ್ಕ್ರೂ ಮೊದಲು, ಬೆಸುಗೆ ಆಮೇಲೆ. ಬೆಸೆದು ನಂತರ ಬಿಗಿದರೆ ಎಳೆತವೆಲ್ಲ ಕಾಲುಗಳ ಮೇಲೆ ಬೀಳುತ್ತದೆ, ಕೆಲವೇ ತಿಂಗಳಲ್ಲಿ ಅದೇ ಬಿರುಕಿನ ಬೆಸುಗೆ ಎದುರಾಗುತ್ತದೆ. ಮಾಸ್‌ಫೆಟ್ ಗೇಟ್ ಸ್ಥಿರವಿದ್ಯುತ್ತಿಗೆ ಸಾಯುವಂಥದ್ದು, ಕೈಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳಿ.

ಮೊದಲ ಸಲ ಚಾಲೂ ಮಾಡುವಾಗ ಸಪ್ಲೈಯ ಕರೆಂಟ್ ಮಿತಿ 4 ಆಂಪಿಯರ್‌ಗೆ ಇಟ್ಟು, ಲೋ ಪವರ್‌ನಲ್ಲಿ ಎರಡು ಸೆಕೆಂಡ್ ಒತ್ತಿ. ಎಲ್ಲ ಶಾಂತವಾಗಿದ್ದರೆ ಮಿತಿ ಏರಿಸಿ.

ಹಂತ 9: ಅಲೈನ್‌ಮೆಂಟ್

ಸರ್ವಿಸ್ ಮೋಡ್ ಅಥವಾ ಟ್ಯೂನಿಂಗ್ ಸಾಫ್ಟ್‌ವೇರ್‌ನಲ್ಲಿ ಹೈ, ಲೋ ಪವರ್‌ಗಳನ್ನು ಬ್ಯಾಂಡ್‌ನ ಕೆಳ, ನಡು, ಮೇಲಿನ ಬಿಂದುಗಳಲ್ಲಿ ಕಂಪನಿ ಹೇಳಿದ ಮಟ್ಟಕ್ಕೆ ಕಟ್ಟಿ. ಕಟ್ಟುವ ಮೊದಲು ಹಳೆಯ ಬೆಲೆಗಳ ನಕಲು ಇಟ್ಟುಕೊಳ್ಳಿ. ಈ ಹೊಂದಾಣಿಕೆಯನ್ನು ರಿಪೇರಿಯ ಬದಲಿಗೆ ಬಳಸುವುದೇ ದೊಡ್ಡ ಚಟ: ಫಿಲ್ಟರ್‌ನಲ್ಲಿ ಅರ್ಧ ಪವರ್ ಪೋಲಾಗುತ್ತಿರುವ ಸೆಟ್‌ನಲ್ಲಿ ಸಾಫ್ಟ್‌ವೇರ್‌ನಿಂದ ಏರಿಸಿದರೆ ಮೀಟರ್‌ನಲ್ಲಿ 45 ಬರಬಹುದು, ಆದರೆ ಫೈನಲ್ ಆಗ ಅದರ ದುಪ್ಪಟ್ಟು ತಯಾರಿಸುತ್ತಿರುತ್ತದೆ, ಹೆಚ್ಚು ದಿನ ಬದುಕುವುದಿಲ್ಲ. ಕರೆಂಟ್ ಮ್ಯಾನ್ಯುಯಲ್‌ನ ಮಿತಿ ದಾಟುತ್ತಿದ್ದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಫಿಲ್ಟರ್ ಭಾಗ ಬದಲಿಸಿದ್ದರೆ ಹಾರ್ಮೋನಿಕ್‌ಗಳನ್ನು (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಹೊರಡುವ ಬೇಡದ ಸಿಗ್ನಲ್) ಸ್ಪೆಕ್ಟ್ರಂ ಅನಲೈಸರ್‌ನಲ್ಲಿ ನೋಡಿಯೇ ಗಾಡಿಗೆ ಕಳಿಸಿ. ನಾಮಫಲಕದ ಪವರ್‌ಗಿಂತ ಮೇಲೆ ಐದು ವ್ಯಾಟ್ ಹಿಂಡಿದರೆ ಆ ಕಡೆ ಯಾರಿಗೂ ಕೇಳಿಸುವುದಿಲ್ಲ, ಹೀಟ್ ಸಿಂಕ್‌ಗೆ ಮಾತ್ರ ಕೇಳಿಸುತ್ತದೆ.

ಹಂತ 10: ಮತ್ತೆ ಗಾಡಿಯಲ್ಲಿ

ಸೆಟ್ ಕೂರಿಸಿ, ಇಂಜಿನ್ ನಡೆಸಿ, ಆಂಟೆನಾ ಮೇಲೆ ಫಾರ್ವರ್ಡ್, ರಿಫ್ಲೆಕ್ಟೆಡ್ ಎರಡನ್ನೂ ಅಳೆಯಿರಿ. ಹೆಡ್‌ಲೈಟ್, ಎಸಿ ಹಾಕಿ ಇನ್ನೊಮ್ಮೆ ಒತ್ತಿ. ದುರ್ಬಲ ಆಲ್ಟರ್ನೇಟರ್ ಇದ್ದರೆ ಆಗಲೇ ಗೊತ್ತಾಗುತ್ತದೆ. ಬಾಗಿಲು ತೆರೆದು ಮುಚ್ಚುತ್ತಾ, ಆಂಟೆನಾ ಬುಡ ಅಲ್ಲಾಡಿಸುತ್ತಾ ಮೀಟರ್ ನೋಡಿ. ಮುಳ್ಳು ಕದಲದಿದ್ದರೆ ಒಂದು ಚೀಟಿಯಲ್ಲಿ ದಿನಾಂಕ, ಮೂರು ಫ್ರೀಕ್ವೆನ್ಸಿಯ ವ್ಯಾಟ್, ಕರೆಂಟ್, ಪಿಟಿಟಿ ಒತ್ತಿದಾಗ ಸೆಟ್ ಬಳಿಯ ವೋಲ್ಟೇಜ್, ಎಸ್‌ಡಬ್ಲ್ಯುಆರ್ ಬರೆದು ಸೆಟ್‌ನ ತಳಕ್ಕೆ ಅಂಟಿಸಿ. ಮುಂದಿನ ಸಲ ‘ಮೊದಲು ಎಷ್ಟಿತ್ತು’ ಎಂದು ಚಾಲಕರನ್ನು ಕೇಳುವ ಬದಲು ಅದನ್ನೇ ಓದಿಕೊಳ್ಳಬಹುದು.